ಒಂಬತ್ತು ಎಂದು ಬರೆದ ಮಳೆ

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರ್‌ರ್, ಕರ್‌ರ್ ಎಂದು ಹಲ್ಲು ಕಡಿಯುತ್ತಿದ್ದ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. 1997ನೇ ಇಸವಿ. ಧಾರವಾಡದ ನಮ್ಮ ಕಚೇರಿಯ ಹೈಡ್ರಾಲಜಿ ವಿಭಾಗದಲ್ಲಿ ನಾನು ಸ್ಟ್ಯಾಟಿಸ್ಟಿಶಿಯನ್. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಳೆ ರಿಜಿಸ್ಟರುಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಆ ದಿನ ಪ್ರಿಂಟರ್ ಉಗುಳಿದ ಹಾಳೆಯಲ್ಲಿ ಒಂದು ಸಾಲಿನ ಮುಂದೆ ನಕ್ಷತ್ರದ ಗುರುತಿತ್ತು. ಔಟ್‌ಲಯರ್, ಅಂದರೆ ಉಳಿದ ಅಂಕಿಗಳ ಗುಂಪಿಗೆ ಸೇರದೆ ದೂರ ನಿಂತ ಅಂಕಿ.

ಕಟಕೋಳದ ಕಡೆಯ ಒಂದು ಹಳ್ಳಕ್ಕೆ ಸೇತುವೆ ಕಟ್ಟುವುದಿತ್ತು. ಅದರ ಹತ್ತಿರದ ಸರಕಾರಿ ಬಂಗಲೆಯ ಅಂಗಳದಲ್ಲೊಂದು ಮಳೆಮಾಪಕ; ಅಳೆದು ಬರೆಯುವವನು ಬಂಗಲೆಯ ವಾಚಮನ್. ಕೆಲವು ವರ್ಷಗಳ ಹಿಂದೆ, ರೈತರು ಹೊಲಕ್ಕೆ ಬುತ್ತಿ ಒಯ್ದು ಉಣ್ಣುವ ಶೀಗಿ ಹುಣ್ಣಿಮೆಯ ಮರುದಿನ ಅಲ್ಲಿ ದಾಖಲಾಗಿದ್ದ ಮಳೆ, ಅದಕ್ಕಿಂತ ಮೊದಲಿನ ಅತಿ ದೊಡ್ಡ ಮಳೆಯ ಎರಡರಷ್ಟು. ಆ ಅಂಕಿ ಉಳಿದರೆ ಐದು ಕಣ್ಣಿನ, ಅಂದರೆ ನೀರು ಹರಿಯಲು ಐದು ತೆರಪಿನ ಸೇತುವೆ, ತೆಗೆದರೆ ಮೂರೇ ಕಣ್ಣು.

ನಮ್ಮ ಹಿರಿಯ ಎಂಜಿನಿಯರ್ ಪೆನ್ಸಿಲ್ ತೆಗೆದರು. "ಮೇಡಮ್, ಆ ವಾಚಮನ್ ಹುಣ್ಣಿವಿ ದಿನ ಹೊಲದಾಗ ಕಡಬು ತಿಂದು ಮಲಗ್ಯಾನ. ಎರಡು ದಿನದ ಮಳಿ ಒಂದ ದಿನಕ್ಕ ಬರದಾನ. ಹೊಡದ ಹಾಕ್ರಿ. ಐವತ್ತು ವರ್ಷಕ್ಕೊಮ್ಮೆ ಬರೋದಕ್ಕ ಇಷ್ಟ್ಯಾಕ ತ್ರಾಸ?"

ಅನುಮಾನ ಫೇರ್ ಎನಾಫ್, ಅಂಥ ತಪ್ಪು ಆಗುತ್ತಿದ್ದುದುಂಟು. ಆದರೆ ಕೊನೆಯ ಮಾತು ನನ್ನನ್ನು ಕೆರಳಿಸಿತು. ಐವತ್ತು ವರ್ಷದ ಮಳೆ ಎಂದರೆ ಐವತ್ತು ವರ್ಷ ಕಾದು ಬರುವ ಮಳೆಯಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ನೂರಕ್ಕೆ ಎರಡು. ಈ ವರ್ಷ ಬಂದದ್ದು ಮುಂದಿನ ವರ್ಷವೂ ಬರಬಹುದು. ವಿಚಾರಿಸದೆ ಅಂಕಿ ತೆಗೆಯುವುದಿಲ್ಲವೆಂದು ಹೇಳಿ ಬಂಗಲೆಗೆ ಹೊರಟೆ.

ವಾಚಮನ್ ಫಕೀರಪ್ಪ ತಲೆ ತಗ್ಗಿಸಿ ನಿಂತ. ಅವನ ಹೆಂಡತಿ ಗಂಗವ್ವ ಕೈ ಒರೆಸುತ್ತ ಮುಂದೆ ಬಂದಳು.

"ಹುಣ್ಣಿವಿ ದಿನ ಮಳಿ ಎಲ್ಲಿತ್ತರಿ ಬಾಯಾರ? ಬುತ್ತಿ ಕಟಗೊಂಡು ಹೊಲಕ್ಕ ಹೋಗಿ ಒಣಾ ಸೀರಿಲೇ ಬಂದೇನಿ. ಆಮ್ಯಾಲ ಸುರೀಲಿಕ್ಕೆ ಹತ್ತಿದ್ದು ಮುಂಜಾನಿ ಮಟಾ ಬಿಡಲಿಲ್ಲ. ಇವರಿಗೆ ಜ್ವರಾ. ನಾನ ಅಳದೇನಿ."

"ಎಷ್ಟು ಗ್ಲಾಸ್?"

"ಹದಿಮೂರು."

ಮಳೆನೀರನ್ನು ಅಳತೆಯ ಗ್ಲಾಸಿಗೆ ಸುರಿದು ಎಣಿಸುವುದು ಪದ್ಧತಿ. ರಿಜಿಸ್ಟರಿನಲ್ಲಿದ್ದುದು ಒಂಬತ್ತೇ ಗ್ಲಾಸಿನ ಲೆಕ್ಕ.

ಗಂಗವ್ವ ಗಂಡನ ಕಡೆ ತಿರುಗಿದಳು. "ಹೇಳ್ರಿ ಈಗ! ನೋಡ್ರಿ ಬಾಯಾರ, ಈ ಶಾಣ್ಯಾ ಮನಷಾ, ಹದಿಮೂರು ಬರದ್ರ ಸಾಹೇಬರು ಕುಡದು ಬರದಿ ಅಂತಾರಂತ ಒಂಬತ್ತ ಮಾಡಿದ್ರು."

"ಒಂಬತ್ತಕ್ಕ ನಂಬವಲ್ರು, ಹದಿಮೂರಕ್ಕ ನಂಬತಿದ್ರೇನ?" ಎಂದ ಫಕೀರಪ್ಪ.

ನಗು ಬಂತು, ಹಿಂದೆಯೇ ಹೆದರಿಕೆಯೂ ಬಂತು. ಅಂಕಿಯನ್ನು ಉಳಿಸಲು ಬಂದವಳಿಗೆ ಅದು ಸುಳ್ಳೆಂದು ಗೊತ್ತಾಗಿತ್ತು. ನಿಜ ಬರೆದರೆ ಸಾಹೇಬರಿಗೆ ಆ ದಾಖಲೆಯನ್ನೇ ಕಿತ್ತೆಸೆಯಲು ನೆಪ, ಜೊತೆಗೆ ಈ ಮನುಷ್ಯನ ನೌಕರಿಗೂ ಕುತ್ತು. ಬರೆಯದಿದ್ದರೆ ನಾನೂ ಫಕೀರಪ್ಪನಂತೆಯೇ.

ಆಗ ಗಂಗವ್ವ ನನ್ನನ್ನು ಹಳ್ಳದ ದಂಡೆಯ ಹಣಮಪ್ಪನ ಗುಡಿಗೆ ಕರೆದೊಯ್ದಳು. ಆ ಮಳೆಯ ನಂತರ ಗೋಡೆ ಸುಣ್ಣ ಕಂಡಿರಲಿಲ್ಲ. ನನ್ನ ಭುಜದೆತ್ತರಕ್ಕೆ ಕೆಸರಿನ ಗೆರೆಯಿತ್ತು. ಮುಂದಿನ ವಾರ ಸರ್ವೇಯರರನ್ನು ಕರೆತಂದು ಆ ಗೆರೆಯ ಎತ್ತರ, ಹಳ್ಳದ ಅಗಲ, ಇಳಿಜಾರು ಎಲ್ಲ ಅಳೆಸಿದೆ. ಅಷ್ಟು ನೀರು ಹರಿಯಬೇಕಾದರೆ ಎಷ್ಟು ಮಳೆ ಬಿದ್ದಿರಬೇಕೆಂದು ಹಿಂದಿನಿಂದ ಲೆಕ್ಕ ಹಾಕಿದರೆ, ಉತ್ತರ ಒಂಬತ್ತಕ್ಕೆ ಹೊಂದಲೇ ಇಲ್ಲ. ಹದಿಮೂರಕ್ಕೆ ಹೊಂದಿತು.

ಕಚೇರಿಗೆ ಬಂದು ಹಿರಿಯ ಎಂಜಿನಿಯರ್ ಸಾಹೇಬರಿಗೆ ಎಲ್ಲವನ್ನೂ ಇದ್ದಂತೆ ಹೇಳಿದೆ. "ಸುಳ್ಳ ಬರದಾನಂತ ನೀವ ಒಪ್ಪೀರಿ," ಎಂದರು ಅವರು. "ಅಂಕಿ ತಗೀರಿ, ಅವನ್ನೂ ತಗೀತೇನಿ."

"ಸರ್, ಅವನ್ನ ತಗದ್ರ ನಾಳಿಂದ ಯಾರೂ ದೊಡ್ಡ ಮಳಿ ಬರಿಯಂಗಿಲ್ಲ. ಫೈಲ್‌ನ್ಯಾಗ ದೊಡ್ಡ ಮಳಿ ನಿಂತ ಹೋಗತೈತಿ, ಹಳ್ಳದಾಗ ನಿಲ್ಲಂಗಿಲ್ಲ."

ಮೂರು ಕಣ್ಣಿನ ರಿಪೋರ್ಟಿಗೆ ನಾನು ಸೈನ್ ಮಾಡಲಿಲ್ಲ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಕರ್ಸಿವ್ ಅಕ್ಷರದಲ್ಲಿ 'ಐ ಡಿಸೆಂಟ್' ಎಂದು ಬರೆದು, ಫಕೀರಪ್ಪ ಏಕೆ ಕಡಿಮೆ ಬರೆದನೆಂಬುದನ್ನೂ ಗುಡಿಯ ಗೆರೆಯ ಲೆಕ್ಕವನ್ನೂ ಲಗತ್ತಿಸಿದೆ. ಪ್ರತಿಫಲವಾಗಿ ನನ್ನ ಮೇಜು ಹಳೆಯ ಕಡತಗಳ ಕೋಣೆಗೆ ಹೋಯಿತು. ಧೂಳಿಗೆ ಸೀನುತ್ತ ಇಡೀ ಬೇಸಿಗೆ ಕಳೆದೆ. ಸೈನ್ ಮಾತ್ರ ಕೊಡಲಿಲ್ಲ. ಕೊನೆಗೆ ಮೇಲಿನವರು ನನ್ನ ಟಿಪ್ಪಣಿ ಓದಿ, ಹದಿಮೂರಕ್ಕೆ ತಕ್ಕಂತೆ ಎತ್ತರ ಹೆಚ್ಚಿಸಿ, ಐದು ಕಣ್ಣಿಗೆ ಒಪ್ಪಿದರು. ಫಕೀರಪ್ಪನಿಗೆ ಒಂದು ಎಚ್ಚರಿಕೆ ಪತ್ರ ಬಂತು, ನೌಕರಿ ಉಳಿಯಿತು.

ಸೇತುವೆ ಎದ್ದಿತು. ಅಂಥ ಮಳೆ ಮಾತ್ರ ಮತ್ತೆ ಬರಲಿಲ್ಲ. ನಾನು ರಿಟೈರ್ ಆಗುವವರೆಗೂ ಕಚೇರಿಯಲ್ಲಿ ಆ ಸೇತುವೆಯನ್ನು 'ಮೇಡಮ್ಮಿನ ವೇಸ್ಟು' ಎಂದೇ ಕರೆಯುತ್ತಿದ್ದರು. ಕರೆಯಲಿ! ನನ್ನ ಅಂಕಿ ಸರಿಯೆಂದು ತೋರಿಸಲು ಯಾರೋ ಮುಳುಗಬೇಕಾಗಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಆದರೆ ಇದನ್ನು ಯಾರೆದುರಿಗೂ ಬಿಟ್ಟುಕೊಡಲಾರೆ.

ಗಂಗವ್ವನನ್ನು ಕೊನೆಯ ಸಲ ಕಂಡದ್ದು 2006ರಲ್ಲಿ, ಸವದತ್ತಿ ಬಸ್ ಸ್ಟ್ಯಾಂಡಿನಲ್ಲಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಧ್ವನಿ ಮಾತ್ರ ಹಾಗೆಯೇ.

"ನೀರು ಬರಲೇ ಇಲ್ಲಲ್ಲ ಗಂಗವ್ವ. ನಿಮ್ಮ ಕಡೆ ಮಂದೀನೂ ಸೇತುವಿ ನೋಡಿ ನಗತಾರಂತ," ಎಂದೆ.

"ನಗಲಿ ಬಿಡ್ರಿ ಬಾಯಾರ. ನಗೋರೆಲ್ಲಾ ಅದರ ಮ್ಯಾಲಿಂದ ಮನಿಗೆ ಹೋಗ್ತಾರ," ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದಿದ್ದವರನ್ನು ಮೊಣಕೈಯಿಂದ ಸರಿಸುತ್ತ ಕಟಕೋಳದ ಬಸ್ ಹತ್ತಿದಳು.