ಕುಂಕುಮ ಹಚ್ಚಿದ ಬೆಸುಗೆ

ಕುಂಕುಮ ಹಚ್ಚಿದ ಜಾಗದಿಂದಲೇ ನೀರು ಚಿಮ್ಮಿ, ಆಗಷ್ಟೇ ಕಾಯಿ ಒಡೆದು ಎದ್ದು ನಿಂತಿದ್ದ ನನ್ನ ಮುಖಕ್ಕೂ ಬಿಳಿ ಅಂಗಿಗೂ ಬಡಿಯಿತು. ಬೈಲಹೊಂಗಲದ ನಮ್ಮ ಬೆಲ್ಲದ ಪುಡಿ ಕಾರ್ಖಾನೆಯಲ್ಲಿ ಹೊಸ ಪೈಪಿಗೆ ಪೂಜೆ ಮಾಡಿ, ಒತ್ತಡದಲ್ಲಿ ನೀರು ತುಂಬಿಸಿ ಪರೀಕ್ಷಿಸುತ್ತಿದ್ದೆವು.

ಹಿರಿಯ ವೆಲ್ಡರ್ ಮಹಾದೇವಪ್ಪ ಹಿಂದಿನ ದಿನವೇ ಎಚ್ಚರಿಸಿದ್ದರು: "ಸರ್, ಒಂದ ಕಡೆ ಕಬ್ಬಿಣ, ಒಂದ ಕಡೆ ಸ್ಟೀಲ್ ಐತ್ರಿ. ಇವೆರಡನ್ನ ಬೆಸಿಯಾಕ ಬ್ಯಾರೆ ರಾಡ್ ಬೇಕ್ರಿ. ಬರೇ ಕಬ್ಬಿಣದ ರಾಡ್ ಹಚ್ಚಿದ್ರ ಬಿರುಕು ಬಿಡತೈತಿ."

ಆ ರಾಡ್ ಬೆಳಗಾವಿಯಿಂದ ಬರಬೇಕಿತ್ತು. ಮುಹೂರ್ತವೋ ಬೆಳಿಗ್ಗೆ ಒಂಬತ್ತಕ್ಕೆ. "ಎಂಜಿನಿಯರ್ ಯಾರು, ನಾನೋ ನೀನೋ?" ಎಂದು ಗದರಿದೆ. ಅವರು ಕೈಯಲ್ಲಿದ್ದ ಕಬ್ಬಿಣದ ರಾಡಿನಲ್ಲೇ ಬೆಸೆದರು. ನಾನು ಅದರ ಮೇಲೆ ಬೆಳ್ಳಿ ಬಣ್ಣ ಬಳಿಸಿದೆ, ವಿಭೂತಿ ಎಳೆಸಿದೆ, ಕುಂಕುಮ ಹಚ್ಚಿಸಿದೆ. ಇಷ್ಟೆಲ್ಲ ಆದ ಮೇಲೆ ಸೋರುವ ಧೈರ್ಯ ಯಾವ ಪೈಪಿಗೆ ಬಂದೀತು!

ಮಹಾದೇವಪ್ಪ ಪಂಪು ನಿಲ್ಲಿಸಿ ಹೆಗಲ ಮೇಲಿನ ಟವೆಲ್ ಕೊಟ್ಟರು. "ಮುಖ ಒರಸ್ಕೋರಿ ಸರ್. ಮುಹೂರ್ತಕ್ಕ ಸರಿಯಾಗೇ ಸೋರೈತಿ ನೋಡ್ರಿ."

ಬೇರೆ ರಾಡ್ ತರಿಸಿ ಅವರು ಮತ್ತೆ ಹಾಕಿದ ಬೆಸುಗೆ ಇಂದಿಗೂ ಒಂದು ಹನಿ ಸೋರಿಲ್ಲ. ನಾನು ವರದಿಯಲ್ಲಿ ಮಾತ್ರ "ರಾಡಿನ ದೋಷ" ಎಂದು ಬರೆದು ಪಾರಾದೆ, ರಾಡಿಗೆ ಬಾಯಿಲ್ಲವಲ್ಲ. ಬಾಯಿದ್ದ ಮಹಾದೇವಪ್ಪ ಯಾರ ಮುಂದೆಯೂ ತುಟಿ ಬಿಚ್ಚಲಿಲ್ಲ. ಅವರ ಆ ಮೌನವನ್ನು ತಾಳಲಾರದೆ ಇಲ್ಲಿ ನಾನೇ ಬರೆದಿದ್ದೇನೆ: ದೋಷ ರಾಡಿನದಲ್ಲ.