ಕೊಳಲನ್ನು ಸಿಳ್ಳೆಯೆಂದು ಬಗೆದ ಯಂತ್ರ

ಇದು ನಡೆದಾಗ ನಾನು ಕಿವಿಯ ಕೆಲಸಕ್ಕೆ ಇಳಿದು ಇಪ್ಪತ್ತಾರು ವರ್ಷವಾಗಿತ್ತು. ಸಾಗರದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್. ಮಂಗಳವಾರ ತೀರ್ಥಹಳ್ಳಿಯಲ್ಲಿ, ಗುರುವಾರ ಹೊಸನಗರದಲ್ಲಿ ಬಾಡಿಗೆ ಕೋಣೆ ಹಿಡಿದು ಕೂರುತ್ತಿದ್ದೆ. ಬೋರ್ಡಿನ ಮೇಲೆ ಆಡಿಯಾಲಜಿಸ್ಟ್ ಎಂದು ಬರೆಸಿದ್ದರೂ ಜನ ಕರೆಯುವುದು ಕಿವಿ ಡಾಕ್ಟ್ರಮ್ಮ ಎಂದೇ. ನಾನು ಡಾಕ್ಟರಲ್ಲ, ಔಷಧಿ ಬರೆಯುವುದಿಲ್ಲ, ಕಿವಿ ಎಷ್ಟು ಕೇಳುತ್ತದೆಂದು ಅಳೆದು ತಕ್ಕ ಶ್ರವಣ ಯಂತ್ರ ಹೊಂದಿಸುವುದಷ್ಟೇ ನನ್ನ ಕೆಲಸ ಎಂದು ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಬಾಯಿ ನೋವಾಗಿ ಬಿಟ್ಟೆ.

ಆ ಹೊತ್ತಿಗೆ ನನಗೆ ಕೆಲಸವೆಲ್ಲ ಬೆರಳ ತುದಿಯಲ್ಲಿದೆ ಎಂಬ ಗತ್ತೂ ಬಂದಿತ್ತು. ರೋಗಿ ಬಾಗಿಲು ದಾಟಿ ಕುರ್ಚಿಗೆ ಬರುವಷ್ಟರಲ್ಲಿ ಯಾವ ಯಂತ್ರ, ಎಷ್ಟು ಶಕ್ತಿಯದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸುತ್ತಿದ್ದೆ. ಹೆಚ್ಚಿನ ಸಲ ಲೆಕ್ಕ ಸರಿಯಾಗಿಯೂ ಇರುತ್ತಿತ್ತು. ಕೆಟ್ಟದ್ದು ಅದರಿಂದಲೇ ಎಂದು ಈಗ ಅನಿಸುತ್ತದೆ.

ಮಂಜಪ್ಪನವರು (ಹೆಸರು ಬದಲಿಸಿದ್ದೇನೆ) ಬಂದದ್ದು ಹೊಸನಗರದ ಕೋಣೆಗೆ, ಹೆಂಡತಿ ಗಿರಿಜಮ್ಮನವರ ಜೊತೆ. ಮಾಸ್ತಿಕಟ್ಟೆ ಕಡೆಯವರು, ವಯಸ್ಸು ಎಪ್ಪತ್ತೊಂದು. ಬಹಳ ಕಾಲ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ರೇಡಿಯೋ ಹೋಗಿ ಟಿ.ವಿ., ಟಿ.ವಿ. ಹೋಗಿ ಮೊಬೈಲ್ ಬಂದಾಗ ಅಂಗಡಿ ಮುಚ್ಚಿ ಗದ್ದೆ ನೋಡಿಕೊಂಡಿದ್ದರು. ಅವರ ತಂದೆಗೂ ಅಜ್ಜನಿಗೂ ಅರವತ್ತು ದಾಟಿದ ಮೇಲೆ ಕಿವಿ ಹೋಗಿತ್ತಂತೆ. ಅಂದರೆ ವಂಶದಲ್ಲೇ ಬಂದದ್ದು, ನಿಲ್ಲುವಂಥದ್ದಲ್ಲ.

ನಮ್ಮ ಕಡೆ ಒಂದು ರೂಢಿಯಿದೆ. ಕಿವಿ ಕೇಳದವರನ್ನು ಕುರ್ಚಿಯಲ್ಲಿ ಕೂರಿಸಿ, ಮಾತಾಡುವುದೆಲ್ಲ ಜೊತೆಗೆ ಬಂದವರ ಹತ್ತಿರ. ಏನು ತೊಂದರೆ, ಎಷ್ಟು ದಿನದಿಂದ, ಏನಾಗಬೇಕು ಎಲ್ಲವನ್ನೂ ಹೆಂಡತಿಯೋ ಮಗನೋ ಹೇಳುತ್ತಾರೆ. ಕೂಗಿ ಮಾತಾಡುವ ಕಷ್ಟ ತಪ್ಪುತ್ತದಲ್ಲ, ನಾನೂ ಹಾಗೇ ಮಾಡುತ್ತಿದ್ದೆ. ಅವತ್ತೂ ಗಿರಿಜಮ್ಮನವರನ್ನೇ ಕೇಳಿದೆ.

“ನಾ ಕರದ್ರೆ ಓ ಅನ್ಬೇಕು ಡಾಕ್ಟ್ರಮ್ಮ, ಅಷ್ಟಾದ್ರೆ ಸಾಕು,” ಎಂದರು ಅವರು. “ಅಡಿಗೆ ಮನೆಯಿಂದ ಕೂಗಿ ಕೂಗಿ ನನ್ನ ಗಂಟ್ಲೇ ಬಿದ್ದುಹೋಯ್ತು. ಇವ್ರು ನೋಡಿದ್ರೆ ಗೋಡೆ ನೋಡ್ಕಂಡು ಕೂತಿರ್ತಾರೆ.”

ಪರೀಕ್ಷೆ ಮಾಡಿದೆ. ತಗ್ಗು ಸ್ಥಾಯಿಯ ಸದ್ದು, ಅಂದರೆ ಗಂಡಸಿನ ದನಿ, ಲಾರಿಯ ಗುರ್ರ್ ಎನ್ನುವ ಸದ್ದು ಸುಮಾರಾಗಿ ಕೇಳುತ್ತಿತ್ತು. ಮೇಲು ಸ್ಥಾಯಿ ಬಲಗಿವಿಯಲ್ಲಿ ಪೂರಾ ಕುಸಿದಿತ್ತು, ಎಡಗಿವಿಯಲ್ಲಿ ಅಷ್ಟಿಷ್ಟು ಉಳಿದಿತ್ತು. ಎರಡೂ ಕಿವಿಗೆ ಯಂತ್ರ ಕೊಟ್ಟೆ. ಕಂಪ್ಯೂಟರಿಗೆ ಜೋಡಿಸಿ ಮಾತು ಎದ್ದು ಕೇಳುವಂತೆ, ಉಳಿದ ಸದ್ದು ತಗ್ಗುವಂತೆ ಹೊಂದಿಸಿದೆ. ಆಮೇಲೆ ನಮ್ಮ ಮಾಮೂಲಿ ಪದಗಳ ಪರೀಕ್ಷೆ: ಮನೆ, ಹಾಲು, ಬಸ್ಸು, ಕುರಿ. ಇಪ್ಪತ್ತೈದರಲ್ಲಿ ಹತ್ತೊಂಬತ್ತನ್ನು ಸರಿಯಾಗಿ ಹೇಳಿದರು. ಅವರ ಕಿವಿಗೆ ಅದು ದೊಡ್ಡದೇ. ಗಿರಿಜಮ್ಮ ಹಿಂದಿನಿಂದ “ರೀ” ಎಂದರು, ಅವರು ತಿರುಗಿದರು. ನಾನು ಫೈಲು ಮಡಚಿದೆ.

ಎಂಟು ತಿಂಗಳ ಮೇಲೆ ತಪಾಸಣೆಗೆ ಬಂದರು. ನಾನು ಮತ್ತೆ ಗಿರಿಜಮ್ಮನವರ ಮುಖವನ್ನೇ ನೋಡಿದೆ. “ಒಂದು ಕರೆಗೇ ಓ ಅಂತಾರೆ,” ಎಂದು ಅವರು ನಕ್ಕರು. ಆಗ ಮಂಜಪ್ಪನವರು ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟರು. ಒಳಗೆ ರೂಲು ಪಟ್ಟಿ ಇಟ್ಟು ಎಳೆದ ಗೆರೆಗಳು. ಎಡಕ್ಕೆ ಕನ್ನಡ ಅಕ್ಷರದಲ್ಲಿ ಪರದೇಶದ ಹೆಸರುಗಳು, ಬಲಕ್ಕೆ ಒಂದೊಂದು ಸಾಲು ಟಿಪ್ಪಣಿ. ಮೂವತ್ತೊಂದು ಹೆಸರುಗಳಿಗೆ ಕೆಂಪು ಗೆರೆ ಹೊಡೆದಿತ್ತು.

“ಮೇಡಂ, ಇದ್ರಲ್ಲಿ ಒಂದ್ರಲ್ಲೂ ಕೊಳಲು ಇಲ್ಲ,” ಎಂದರು. “ಶುರು ಆಗ್ತದೆ, ನಡುಗ್ತದೆ, ಆಮೇಲೆ ಮಾಯ. ಎಲ್ಲದ್ರಲ್ಲೂ ಹಂಗೇ. ಮೂವತ್ತೊಂದು ಜನನೂ ಒಂದೇ ನಮೂನಿ ತಪ್ಪು ಮಾಡಿರ್ತಾರಾ?”

ನನಗೆ ತಲೆಬುಡ ತಿಳಿಯಲಿಲ್ಲ. ಕೂರಿಸಿ ಕೇಳಿದೆ. ಹೊರಗೆ ಮೂವರು ಕಾಯುತ್ತಿದ್ದರು, ಕಾಯಲಿ ಎಂದುಕೊಂಡೆ.

ರಿಪೇರಿಯಾದ ರೇಡಿಯೋವನ್ನು ಅವರು ಪರೀಕ್ಷೆ ಮಾಡುತ್ತಿದ್ದುದು ಶಾರ್ಟ್‌ವೇವ್‌ನಲ್ಲಿ. ದೂರದ ಸ್ಟೇಷನ್ ಹಿಡಿದರೆ ಸೆಟ್ಟು ಗಟ್ಟಿ. ಹಾಗೆ ಹಿಡಿಯುವಾಗ ಯುರೋಪಿನ ಸಂಗೀತ ಸಿಗುತ್ತಿತ್ತು. ಅರವತ್ತು, ಎಪ್ಪತ್ತು ವಾದ್ಯಗಳು ಸೇರಿ ನುಡಿಸುವ, ಮಾತಿಲ್ಲದ, ನಾಲ್ಕು ಭಾಗಗಳ ಉದ್ದನೆಯ ರಚನೆ. ಅದಕ್ಕೆ ಸಿಂಫನಿ ಎನ್ನುತ್ತಾರೆ ಎಂದು ಅವರಿಗೆ ಆಮೇಲೆ ತಿಳಿಯಿತು. ಮೂವತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಯಾರದೋ ಸೆಟ್ಟಿನಲ್ಲಿ ಅಂಥ ಒಂದರ ಎರಡನೆಯ ಭಾಗ ಬಂತು. ಒಂದೇ ಕೊಳಲು, ಅದರ ಕೆಳಗೆ ಉಳಿದ ವಾದ್ಯಗಳೆಲ್ಲ ಉಸಿರು ಬಿಗಿಹಿಡಿದಂತೆ. ಅದು ಮುಗಿದು ಬರೆದವನ ಹೆಸರು ಹೇಳುವ ಹೊತ್ತಿಗೆ ಸ್ಟೇಷನ್ ಕರಕರ ಎಂದು ಅಳಿಸಿಹೋಯಿತು.

“ಅವತ್ತಿಂದ ಹುಡುಕ್ತಿದೀನಿ. ದೊಡ್ಡ ಹೆಸರಿನವ್ರದ್ದೆಲ್ಲ ಕ್ಯಾಸೆಟ್ ತರ್ಸಿ ಕೇಳಿದೆ, ಅದ್ರಲ್ಲಿಲ್ಲ. ಹಂಗಾದ್ರೆ ಯಾರೂ ಕೇಳ್ದೇ ಬಿಟ್ಟೋರದ್ದೇ ಇರ್ಬೇಕು ಅಲ್ದಾ? ಈಗ ಇಂಟರ್‌ನೆಟ್ಟಲ್ಲಿ ಅಂಥೋರದ್ದೂ ಸಿಗ್ತದೆ. ಆದ್ರೆ ಕಿವಿ ನಿಲ್ಲಲ್ಲ. ನಮ್ಮಪ್ಪಂದು ನೋಡಿದೀನಿ. ಅದು ಹೋಗೋದ್ರೊಳ್ಗೆ ಒಂದ್ಸಲ ಕೇಳ್ಬೇಕು.”

ಹೆಂಡತಿಗೆ ಈ ವಿಷಯ ಹೇಳಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಕೇಳುವುದೆಲ್ಲ ಹೆಡ್‌ಫೋನಿನಲ್ಲಿ. ಈಗ ಯಂತ್ರದ ಮೇಲೆಯೇ ದೊಡ್ಡ ಹೆಡ್‌ಫೋನ್ ಕೂರಿಸಿಕೊಂಡು ಕೇಳುತ್ತಿದ್ದರು. ಗೋಡೆ ನೋಡುತ್ತಾ ಕೂರುವುದೆಂದರೆ ಇದು. ಗಿರಿಜಮ್ಮ ಬಾಯಿ ಮೇಲೆ ಸೆರಗಿಟ್ಟು ಕೇಳುತ್ತಿದ್ದರು.

ಅಷ್ಟರಲ್ಲಿ ಎಡವಟ್ಟು ಎಲ್ಲಾಗಿದೆ ಎಂದು ನನಗೆ ಹೊಳೆದಿತ್ತು. ಶ್ರವಣ ಯಂತ್ರದಿಂದ ಹೊರಬಿದ್ದ ಸದ್ದು ಮತ್ತೆ ಅದರ ಮೈಕಿಗೇ ಸೇರಿದರೆ ಕುಂಯ್ ಎಂದು ಸಿಳ್ಳೆ ಹೊಡೆಯುತ್ತದೆ. ಇದಕ್ಕೆ ಫೀಡ್‌ಬ್ಯಾಕ್ ಎನ್ನುತ್ತೇವೆ. ಅದನ್ನು ತಡೆಯಲು ಯಂತ್ರದೊಳಗೆ ಒಂದು ಕಾವಲು ಇರುತ್ತದೆ. ಮೇಲು ಸ್ಥಾಯಿಯಲ್ಲಿ ಏರಿಳಿತವಿಲ್ಲದ ಒಂದೇ ಸ್ವರ ಎಳೆದು ನಿಂತರೆ ಸಾಕು, ಸಿಳ್ಳೆಯೆಂದು ಬಗೆದು ಕತ್ತರಿಸುತ್ತದೆ. ಮಾತಿನಲ್ಲಿ ಅಂಥ ಸ್ವರ ಬರುವುದಿಲ್ಲ. ಕೊಳಲಿನಲ್ಲಿ ಬರುವುದೇ ಅದು. ಮಾತಿಗೆಂದು ಆ ಕಾವಲನ್ನು ಪೂರ್ತಿ ಬಿಗಿ ಮಾಡಿದ್ದವಳು ನಾನು. ಸಂಗೀತಕ್ಕೆಂದೇ ಬೇರೆ ಹೊಂದಾಣಿಕೆ ಮಾಡಿಕೊಡಬಹುದಿತ್ತು, ಹತ್ತು ನಿಮಿಷದ ಕೆಲಸ. ಯಾರು ಕೇಳುತ್ತಾರೆ ಎಂದು ಮಾಡಿರಲಿಲ್ಲ.

ತಪ್ಪು ನನ್ನದೆಂದು ಹೇಳಿದೆ. ಅವರು ಸಿಟ್ಟಾಗಲಿಲ್ಲ. “ನಾನು ರೇಡಿಯೋ ರಿಪೇರಿ ಮಾಡಿದ್ಮೇಲೆ ಮಾತು ಹಾಕಿ ನೋಡ್ತಿರ್ಲಿಲ್ಲ ಮೇಡಂ,” ಎಂದರು. “ಮಾತು ಒಡಕು ಸ್ಪೀಕರಲ್ಲೂ ಕೇಳ್ತದೆ.” ಒಬ್ಬ ಕಸುಬುದಾರ ಇನ್ನೊಬ್ಬರಿಗೆ ಹೇಳುವ ಹಾಗೆ ಹೇಳಿದರು. ಬೈದಿದ್ದರೆ ವಾಸಿಯಿತ್ತು.

ಹೊಸದಾಗಿ ಪರೀಕ್ಷೆ ಮಾಡಿದಾಗ ಇನ್ನೊಂದು ಏಟು. ಎಂಟು ತಿಂಗಳಲ್ಲಿ ಎಡಗಿವಿಯ ಮೇಲು ಸ್ಥಾಯಿ ಮೂವತ್ತು ಡೆಸಿಬಲ್ ಇಳಿದಿತ್ತು, ಪಿಸುಮಾತಿಗೂ ಮಾಮೂಲಿ ಮಾತಿಗೂ ಇರುವಷ್ಟು ಅಂತರ. ಕೊಳಲು ಹಿಡಿಯುವಷ್ಟು ಶಕ್ತಿ ಉಳಿದಿದ್ದ ಕಿವಿ ಅದೊಂದೇ. ಗೆರೆ ಹೊಡೆದ ಮೂವತ್ತೊಂದರಲ್ಲಿ ಅವರು ಹುಡುಕುತ್ತಿದ್ದದ್ದೂ ಇದ್ದಿರಬಹುದು. ಎಲ್ಲವನ್ನೂ ಮೊದಲಿನಿಂದ ಕೇಳಬೇಕು, ಬೇಗ ಕೇಳಬೇಕು. ಹಳೆಯ ಅಳತೆ, ಹೊಸ ಅಳತೆ ಎರಡನ್ನೂ ಪಕ್ಕಪಕ್ಕ ಇಟ್ಟು ಅವರಿಗೇ ತೋರಿಸಿದೆ. ಈ ಸಲ ಹೆಂಡತಿಗಲ್ಲ.

ಪ್ರತಿ ಗುರುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಒಂದು ಗಂಟೆ ಅವರಿಗೆಂದು ಇಟ್ಟೆ. ಹೆಡ್‌ಫೋನ್ ಬಿಡಿಸಿ, ಕೋಣೆಯ ಸ್ಪೀಕರಿನಲ್ಲಿ ಎರಡನೆಯ ಭಾಗಗಳನ್ನು ಒಂದೊಂದಾಗಿ ಹಾಕಿ, ಕೇಳಿಸುತ್ತಿರುವಾಗಲೇ ಯಂತ್ರ ತಿದ್ದುವುದೆಂದು ಗೊತ್ತುಮಾಡಿದೆವು. ಅದಕ್ಕೆ ಆ ರಚನೆಗಳಲ್ಲಿ ಏನಿದೆ ಎಂದು ನನಗೂ ತಿಳಿದಿರಬೇಕಲ್ಲ. ನನಗೆ ಸಂಗೀತದ ಗಂಧಗಾಳಿ ಇಲ್ಲ. ನೋಟ್‌ಬುಕ್ಕಿನ ಫೋಟೋ ಹೊಡೆದುಕೊಂಡು ಸಾಗರದಿಂದ ತೀರ್ಥಹಳ್ಳಿಗೆ, ಹೊಸನಗರಕ್ಕೆ ಕಾರಿನಲ್ಲಿ ಹೋಗುವಾಗ ಹಾಕಿಕೊಂಡೆ. ಮೊದಲ ವಾರ ಬ್ಯಾಂಡ್‌ಸೆಟ್ಟಿನವರ ಜಗಳದಂತೆ ಕೇಳಿಸಿತು. ಎರಡನೆಯ ವಾರ ಹುಂಚದ ಹತ್ತಿರ ಕಾರು ಬದಿಗೆ ನಿಲ್ಲಿಸಿ ಒಂದು ರಚನೆ ಮುಗಿಯುವವರೆಗೆ ಕೂತಿದ್ದೆ. ಅಳು ಬಂದಿತ್ತು, ಏಕೆಂದು ಹೇಳಲು ನನಗೆ ಬರುವುದಿಲ್ಲ.

ಎಲ್ಲವೂ ಹತ್ತೊಂಬತ್ತನೆಯ ಶತಮಾನದವು. ಮನಸ್ಸಿನ ಸಂಕಟ, ಸಂತೋಷಗಳನ್ನು ಮುಚ್ಚುಮರೆಯಿಲ್ಲದೆ ಸಂಗೀತಕ್ಕೆ ಸುರಿಯತೊಡಗಿದ ಆ ಕಾಲವನ್ನು ರೊಮ್ಯಾಂಟಿಕ್ ಯುಗ ಎನ್ನುತ್ತಾರಂತೆ. ಬರೆದವರ ಬಗ್ಗೆ ಮಂಜಪ್ಪನವರ ಟಿಪ್ಪಣಿಗಳು ಚುಟುಕು: ಚರ್ಚಿನ ವಾದ್ಯಗಾರ. ಮೇಷ್ಟ್ರು. ಹೆಂಗಸು, ಅಚ್ಚು ಹಾಕಲಿಲ್ಲ. ಒಂದೇ ಸಲ ನುಡಿಸಿದರು. ಇಷ್ಟು ಚೆನ್ನಾಗಿ ಬರೆದು ಪೆಟ್ಟಿಗೆಯಲ್ಲಿಟ್ಟು ತೀರಿಕೊಂಡವರು ಇಷ್ಟು ಜನರೇ ಎಂದು ನನಗೆ ನಿಜವಾಗಿ ನೋವಾಯಿತು. ಅವರನ್ನು ಮಾಸ್ತಿಕಟ್ಟೆಯಲ್ಲಿ ಕೂತು ಒಬ್ಬರು ಕೇಳುತ್ತಿದ್ದರಲ್ಲ ಎಂದು ಸಮಾಧಾನವೂ ಆಯಿತು.

ಐದು ಗುರುವಾರ ಕಳೆದವು. ಗಿರಿಜಮ್ಮನವರೂ ಪ್ರತಿ ಸಲ ಜೊತೆಗೆ ಬಂದು ಕೂರುತ್ತಿದ್ದರು. ಕೊಳಲು ಅವರಿಗೆ ಕೇಳತೊಡಗಿತ್ತು, ಆದರೆ ಸಣ್ಣಗೆ, ಸೊಟ್ಟಗೆ. ಕಿವಿಯ ಒಳಗಿನ ನರ ಕೆಟ್ಟಾಗ ಸ್ವರವೇ ಜಾಗ ಬಿಟ್ಟು ಕೇಳುತ್ತದೆ. ಅದನ್ನು ಯಾವ ಯಂತ್ರವೂ ತಿದ್ದಲಾರದು. ಆರನೆಯ ಗುರುವಾರ ಹಾಕಿದ್ದು ಉತ್ತರ ಯುರೋಪಿನ ಯಾವುದೋ ಸಣ್ಣ ಊರಿನ ಮೇಷ್ಟ್ರೊಬ್ಬರ ರಚನೆ. ಯಂತ್ರ ಸಿಕ್ಕ ಮೊದಲ ವಾರದಲ್ಲೇ ಮಂಜಪ್ಪನವರು ಕೇಳಿ ಗೆರೆ ಹೊಡೆದಿದ್ದಂಥದ್ದು. ಮಂಜಪ್ಪನವರು ಕಣ್ಣು ಮುಚ್ಚಿ ಕೇಳಿ, ತಲೆಯಾಡಿಸಿ, ಎರಡನೆಯ ಗೆರೆ ಹೊಡೆಯಲು ಪೆನ್ನು ತೆಗೆದರು.

“ಹೊಡಿಬೇಡಿ,” ಎಂದು ಗಿರಿಜಮ್ಮ ಪೆನ್ನು ಹಿಡಿದುಕೊಂಡರು. ನನ್ನತ್ತ ತಿರುಗಿ, “ಡಾಕ್ಟ್ರಮ್ಮ, ಇದು ಇವ್ರದ್ದೇ ಪದ. ಬೆಳಿಗ್ಗೆ ಗಡ್ಡ ಕೆರ್ಕಳುವಾಗ ದಿನಾ ಮೂಗಲ್ಲಿ ಹಾಡ್ತಾರೆ. ಎಷ್ಟು ವರ್ಷದಿಂದ ಕೇಳ್ತಿದೀನಿ! ಇವ್ರಿಗೆ ತಾನು ಹಾಡ್ತೀನಿ ಅನ್ನೋದೇ ಗೊತ್ತಿಲ್ಲ.”

ನಾನು ಮತ್ತೆ ಹಾಕಿದೆ. ಅವರು ಮತ್ತೆ ತಲೆಯಾಡಿಸಿದರು. “ಅಲ್ಲ ಮಾರಾಯ್ತಿ. ಇದಲ್ಲ.”

ಗಿರಿಜಮ್ಮ ನನಗೆ ಸ್ಪೀಕರ್ ನಿಲ್ಲಿಸಲು ಹೇಳಿದರು. ಕುರ್ಚಿ ಎಳೆದುಕೊಂಡು ಗಂಡನ ಎಡಗಿವಿಯ ಹತ್ತಿರ ಬಾಯಿಟ್ಟು, ತಗ್ಗಿದ ದನಿಯಲ್ಲಿ ಅದನ್ನೇ ಮೂಗಿನಲ್ಲಿ ಹಾಡಿದರು. ಎಲ್ಲೂ ತಪ್ಪಲಿಲ್ಲ. ಕೊಳಲಿನ ಸ್ವರ ತಗ್ಗು ಸ್ಥಾಯಿಗೆ ಇಳಿದುಬಂದು ಗಂಡನ ಕಿವಿಯಲ್ಲಿ ಇನ್ನೂ ಉಳಿದಿದ್ದ ಜಾಗಕ್ಕೆ ತಲುಪಿತು. ಇಷ್ಟು ವರ್ಷ ಓದಿದ ನನಗೆ ಅದು ಹೊಳೆದಿರಲಿಲ್ಲ.

ಮಂಜಪ್ಪನವರು ಹೆಂಡತಿಯತ್ತ ತಿರುಗಿದರು. “ಇದೇ,” ಎಂದರು. “ಮತ್ತೊಂದ್ಸಲ ಹೇಳೆ.” ಗಿರಿಜಮ್ಮ ನಾಲ್ಕು ಸಲ ಹೇಳಿದರು. ಆಮೇಲೆ ನೋಟ್‌ಬುಕ್ಕಿನಲ್ಲಿ ಮಂಜಪ್ಪನವರು ಆ ಮೇಷ್ಟ್ರ ಹೆಸರನ್ನು ಮತ್ತೊಮ್ಮೆ, ದೊಡ್ಡ ಅಕ್ಷರದಲ್ಲಿ ಬರೆದರು. ನಾನು ಹೊರಗೆ ಬಂದು ಕಾಯುತ್ತಿದ್ದವರಿಗೆ ಇನ್ನೂ ಹತ್ತು ನಿಮಿಷ ಎಂದು ಹೇಳಿದೆ.

ಮುಂದಿನ ವರ್ಷ ಅವರ ಕಿವಿ ಪೂರ್ತಿ ಹೋಯಿತು. ಈಗ ಸ್ಲೇಟಿನ ಮೇಲೆ ಬರೆದು ಮಾತಾಡುತ್ತಾರೆ. ಹುಡುಕಿದ್ದು ಸಿಕ್ಕಿತಲ್ಲ ಎಂದು ಕೆಲವರು ನನಗೆ ಸಮಾಧಾನ ಹೇಳುತ್ತಾರೆ. ನನಗೆ ಸಮಾಧಾನವಿಲ್ಲ. ಮೊದಲು ಬಂದ ದಿನ ಆ ಕೊಳಲನ್ನು ಕೊಳಲಾಗಿಯೇ ಕೇಳಬಲ್ಲ ಒಂದು ಕಿವಿ ಅವರಿಗಿತ್ತು. ಅದರ ಅಳತೆ ನನ್ನ ಫೈಲಿನಲ್ಲಿದೆ.

ಈಗ ಯಾರೇ ಬರಲಿ, ಕುರ್ಚಿಯನ್ನು ಅವರ ಎದುರಿಗೇ ಎಳೆದುಕೊಂಡು ಮೊದಲು ಕೇಳುವುದು, “ನಿಮಗೆ ಏನು ಕೇಳಿಸ್ಬೇಕು?” ಕೂಗಬೇಕಾದರೆ ಕೂಗುತ್ತೇನೆ, ಬರೆಯಬೇಕಾದರೆ ಬರೆಯುತ್ತೇನೆ. ತೀರ್ಥಹಳ್ಳಿಯ ಟೈಲರ್ ಒಬ್ಬರು ಹೊಲಿಗೆ ಮೆಷಿನ್ನಿನ ಸೂಜಿ ಮುರಿಯುವ ಮುಂಚಿನ ಸದ್ದು ಎಂದರು. ಹೊನ್ನೆಮರಡು ಕಡೆಯ ಒಬ್ಬ ಅಜ್ಜಿ ಹಿನ್ನೀರಿನ ಆಚೆಯಿಂದ ಕೂಗುವ ತಂಗಿಯ ದನಿ ಎಂದರು. ಈ ಪ್ರಶ್ನೆಗೆ ಹಿಡಿಯುವುದು ಎರಡು ನಿಮಿಷ. ಅದನ್ನು ನಾನು ಕಲಿತದ್ದು ಮಂಜಪ್ಪನವರ ಕಿವಿಯ ಖರ್ಚಿನಲ್ಲಿ.