ಹಾರಿಸುವವಳು

ನನ್ನ ಅಕ್ಕ ಡೋಲೀನಾ ಬೇಸಿಗೆಯಿಡೀ ಮಾಡುವುದು ಒಂದೇ ಕೆಲಸ, ಪ್ರವಾಸಿಗಳನ್ನು ಹಾರಿಸುವುದು. ನಮ್ಮ ದ್ವೀಪದ ದಡಕ್ಕೆ ಹಡಗು ಬರುವಷ್ಟು ಆಳವಿಲ್ಲ, ದೂರದಲ್ಲೇ ನಿಲ್ಲುತ್ತದೆ. ನಾನು ಚುಕ್ಕಾಣಿ ಹಿಡಿದು ದೋಣಿಯನ್ನು ಅದರ ಪಕ್ಕಕ್ಕೆ ಒತ್ತುತ್ತೇನೆ. ಅಲೆ ದೋಣಿಯನ್ನು ಹಡಗಿನ ಬಾಗಿಲ ಮಟ್ಟಕ್ಕೆ ಎತ್ತಿದ ಗಳಿಗೆಯಲ್ಲೇ ಅಕ್ಕ ಅವರ ತೋಳು ಹಿಡಿದು "ಹಾರಿ!" ಎನ್ನಬೇಕು. ಒಂದು ಉಸಿರು ತಡವಾದರೂ ಮನುಷ್ಯ ಹಡಗಿಗೂ ದೋಣಿಗೂ ನಡುವೆ ಅಪ್ಪಚ್ಚಿ.

ದಡ ಸೇರಿದ ಮೇಲೆ ಅವಳ ಗತ್ತೇ ಬೇರೆ. ಹಿಂದಿನ ಕಾಲದ ಕ್ರೈಸ್ತ ಸನ್ಯಾಸಿಗಳು ವಾಸವಿದ್ದ ಕಲ್ಲುಗೂಡು ತೋರಿಸುತ್ತಾಳೆ. ಕುರಿ ಮೇಯಿಸಲೆಂದು ಜಮೀನ್ದಾರ ಒಕ್ಕಲೆಬ್ಬಿಸಿದ ಪಾಳು ಊರು ತೋರಿಸಿ, ನಮ್ಮ ಮುತ್ತಜ್ಜಿ ಬಂಡೆಸಂದಿಯಲ್ಲಿ ಅಡಗಿ ಉಳಿದುಕೊಂಡಳೆಂದು ಎದೆಯುಬ್ಬಿಸಿ ಹೇಳುತ್ತಾಳೆ. ಅಕ್ಕನಿಗೆ ಈಜು ಮಾತ್ರ ಬರುವುದಿಲ್ಲ. ನಮ್ಮಲ್ಲಿ ಹಳಬರು ಯಾರೂ ಕಲಿತವರಲ್ಲ. ಈಜು ಬಂದರೆ ಸಾಯುವುದು ತಡವಾಗುತ್ತದೆ ಅಷ್ಟೇ ಎನ್ನುತ್ತಿದ್ದ ಅಪ್ಪ.

ಹೋದ ಆಗಸ್ಟಿನಲ್ಲಿ ಪ್ರವಾಸಿಗಳನ್ನು ವಾಪಸು ಹಡಗಿಗೆ ಹತ್ತಿಸುವಾಗ ಗಾಳಿ ತಿರುಗಿತು. ಕೊನೆಗೆ ಉಳಿದವನು ಗ್ಲಾಸ್ಗೋದ ಒಬ್ಬ ದಢೂತಿ ಆಸಾಮಿ. ಅಕ್ಕ ಹಾರಿ ಎಂದಳು, ಹಾರಿದ. ಆದರೆ ಪುಣ್ಯಾತ್ಮ ಹೆದರಿಕೆಗೆ ಅವಳ ಕೈಯನ್ನೇ ಬಿಡಲಿಲ್ಲ! ದೋಣಿ ಕೆಳಗಿಳಿಯಿತು, ಅಕ್ಕ ನೇತಾಡಿದಳು. ಹಡಗಿನವರು ಹೇಗೋ ಅವಳನ್ನು ಮೇಲಕ್ಕೆಳೆದುಕೊಂಡರು.

ಈಗ ಅವಳು ಇಳಿಯಬೇಕು. ಆ ಅಲೆಯಲ್ಲಿ ಅವಳಿಲ್ಲದೆ ನಾನೊಬ್ಬನೇ ದೋಣಿಯನ್ನು ದಡ ಮುಟ್ಟಿಸಲಾರೆ, ದೋಣಿ ಹೋದರೆ ನಮ್ಮ ಅನ್ನವೇ ಹೋದಂತೆ.

"ಹಾರೇ ಅಕ್ಕಾ!"

"ಕಾಲೇ ಏಳ್ತಿಲ್ಲ ಕಣೋ ರೂರಿ."

"ದಿನಾ ಕಂಡೋರನ್ನೆಲ್ಲ ಹಾರಿಸ್ತೀಯಲ್ಲ, ನಿಂಗೇನು ಬಂತು ರೋಗ?"

"ಅವರನ್ನ ಹಿಡಿಯೋಕೆ ನಾನಿರ್ತೀನಿ. ನನ್ನ ಯಾರು ಹಿಡೀತಾರೆ?" ಅವಳು ಬಾಗಿಲ ಕಂಬಿ ತಬ್ಬಿಕೊಂಡು ಅಳತೊಡಗಿದಳು. "ದಿನಾ ಹೆದರ್ಕೊಂಡೇ ನಿಂತಿರ್ತೀನಿ ಕಣೋ. ನೀನು ಆಡ್ಕೊಂಡು ನಗ್ತೀಯ ಅಂತ ಹೇಳ್ಲಿಲ್ಲ."

ಹಡಗಿನ ಜನವೆಲ್ಲ ನೋಡುತ್ತಿದ್ದರು. ನೋಡಿಕೊಳ್ಳಲಿ, ಹಾಳಾಗಿ ಹೋಗಲಿ!

"ನಂಗೂ ದಿನಾ ಎದೆ ಪುಕುಪುಕು ಅನ್ನುತ್ತೆ ಕಣೇ! ನೀನು ಮುಂದೆ ನಿಂತಿರ್ತೀಯಲ್ಲ, ಅದೊಂದೇ ಧೈರ್ಯ. ಒಬ್ನೇ ಹೋಗಕ್ಕಾಗಲ್ಲ, ಬಾರೇ!"

ಚುಕ್ಕಾಣಿ ಬಿಟ್ಟು ಮುಂದಕ್ಕೆ ಓಡಿದೆ. ಅಲೆ ಎತ್ತಿತು. ಅಕ್ಕ ಕಣ್ಣು ಮುಚ್ಚಿ ಹಾರಿದಳು.

ಹಿಡಿಯುವವರಿಲ್ಲದ ದೋಣಿ ಗಿರ್ರನೆ ತಿರುಗಿತು. ಮೇಲಿನಿಂದ ಎಲ್ಲರೂ ಬೊಬ್ಬೆ ಹೊಡೆಯುತ್ತಿದ್ದರು, ಚುಕ್ಕಾಣಿ, ಚುಕ್ಕಾಣಿ ಎಂದು. ನಾವಿಬ್ಬರೂ ದೋಣಿಯ ತಳದಲ್ಲಿ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು ಕುಳಿತಿದ್ದೆವು. ಮೊದಲು ಕೈ ಬಿಡಲು ಇಬ್ಬರಿಗೂ ಧೈರ್ಯವಿರಲಿಲ್ಲ.